ಕಾರಿಗೆ ಶಾಲು

ಅಮಾವಾಸ್ಯೆಯ ಬೆಳಿಗ್ಗೆ ಏಳೂವರೆ. ಶಿಗ್ಗಾಂವದ ಮನೆಯಂಗಳದಲ್ಲಿ ಫಕ್ಕೀರವ್ವ ಪೂಜೆಗೆಂದು ಮಗನ ಹೊಸ ಕಾರನ್ನು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಬಾನೆಟ್ ಮುಗಿಸಿ ಬಾಗಿಲಿಗೆ ಬಂದಿದ್ದಳು.

“ಅವ್ವಾ, ಅದು ಕಾರು, ತಂಬಿಗಿ ಅಲ್ಲ!” ಮಾಲತೇಶ ಓಡಿಬಂದ.

“ಪೂಜಿ ಎರಡಕ್ಕೂ ಮಾಡ್ತೀವಲ್ಲೋ!”

ಸೊಸೆ ನೇತ್ರಾ ಗಾಬರಿಯಾಗಲಿಲ್ಲ. ಬಣ್ಣ ಕಾಯುವ ಪಾರದರ್ಶಕ ಫಿಲ್ಮನ್ನು ಹೋದ ವಾರ ಅವಳು ಬಾನೆಟ್ಟಿಗೆ ಹಾಕಿಸಿದ್ದಳು. “ಕಾರಿಗೆ ಶಾಲು ಯಾಕ?” ಎಂದು ನಕ್ಕ ಗಂಡ ಬಾಗಿಲುಗಳಿಗೆ ಬೇಡವೆಂದಿದ್ದ. ಈಗ ಅವಳು ಜಳಕದ ಬಿಸಿನೀರು ತಂದು ಬಾನೆಟ್, ಬಾಗಿಲು ಎರಡರ ಮೇಲೂ ಸುರಿದಳು. ಬಿಸಿ ತಾಗುತ್ತಲೇ ಫಿಲ್ಮ್ ತಾನೇ ಕೂಡಿಕೊಂಡು ಬಾನೆಟ್ಟಿನ ಸಣ್ಣ ಗೀರುಗಳು ನೋಡನೋಡುತ್ತ ಮಾಯವಾದವು. ಬಾಗಿಲಿನವು ಹಾಗೆಯೇ ಉಳಿದವು.

“ಈಗ ಹೇಳ್ರಿ, ಶಾಲು ಬೇಕೋ ಬ್ಯಾಡೋ?”

ಮಾಲತೇಶ ಬಾಗಿಲನ್ನು ಬೆರಳಿನಿಂದ ಸವರಿದ. ಮರುದಿನ ತಾನೇ ಕಾರನ್ನು ಅಂಗಡಿಗೆ ಒಯ್ದು ನಾಲ್ಕೂ ಬಾಗಿಲಿಗೆ ಫಿಲ್ಮ್ ಹಾಕಿಸಿದ.