ವರಾಂಡದ ಕಲಾ ಸಂಗ್ರಹಾಲಯ

ಆ ಮನುಷ್ಯ ಇವತ್ತೂ ಬಂದಿದ್ದ.

ಕಾವಲಿನಾಕೆ ಸ್ಟೂಲಿನಿಂದ ಏಳದೆಯೇ ಅವನ ಮೇಲೆ ಕಣ್ಣಿಟ್ಟಳು. ಕಂಕುಳಲ್ಲಿ ಅದೇ ಹಳೇ ಚೀಲ. ನೇರವಾಗಿ ಹೋಗಿ ದೋಣಿಯ ಚಿತ್ರದೆದುರು ನಿಂತ. ನಡುನಡುವೆ ಸಾಹೇಬರ ಬಾಗಿಲ ಕಡೆ ಒಂದು ಕಳ್ಳನೋಟ.

ಊರಿನ ಕಲಾ ಸಂಗ್ರಹಾಲಯದ ಚಾವಣಿ ಸೋರಿ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಕಟ್ಟಡ ಮುಚ್ಚಿದರೂ ಕಲೆ ಮುಚ್ಚಬಾರದೆಂದು ಅದರ ನಿರ್ದೇಶಕರಿಗೆ ಜ್ಞಾನೋದಯವಾಗಿ, ಚಿತ್ರಗಳನ್ನೆಲ್ಲ ಈ ಸರ್ಕಾರಿ ಕಚೇರಿಯ ವರಾಂಡದಲ್ಲಿ ತೂಗುಹಾಕಿಸಿದ್ದರು. ಜಾಗದ ಆಯ್ಕೆಗೆ ತಲೆದೂಗಲೇಬೇಕು. ಒಂದು ಸಹಿಗಾಗಿ ಜನ ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ನಿಲ್ಲುತ್ತಾರೆ. ಗೋಡೆ ನೋಡದೆ ಇನ್ನೇನು ನೋಡಿಯಾರು? 'ಕಲೆಯೆದುರು ಗಂಟೆಗಟ್ಟಲೆ ಮೈಮರೆತ ಜನ' ಎಂದು ಪತ್ರಿಕೆಯವರು ಬರೆದದ್ದೇ ಬರೆದದ್ದು.

ಹೊಗಳಿಕೆ ನಿರ್ದೇಶಕರಿಗೆ, ಕಾವಲು ಇವಳಿಗೆ. "ಒಂದು ಚಿತ್ರ ಹೋದ್ರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ," ಎಂದಿದ್ದ ಸೂಪರ್‌ವೈಸರ್. ಈ ಕೆಲಸದಿಂದಲೇ ಅವಳ ಮನೆ ನಡೆಯುತ್ತಿತ್ತು. ಅವಳಿಗೆ ನಿಜಕ್ಕೂ ಭಯವಿತ್ತು.

"ಆ ನಿರ್ದೇಶಕ ಮಹಾಶಯರು ಒಂದಿನವಾದ್ರೂ ಇತ್ತ ತಲೆ ಹಾಕಿದ್ದಾರಾ?" ಎಂದು ಜವಾನನೆದುರು ಗೊಣಗಿದಳು. "ಎಲ್ಲೋ ಫ್ಯಾನಿನ ಕೆಳಗೆ ತಣ್ಣಗೆ ಕೂತಿರ್ತಾರೆ."

"ದೊಡ್ಡವರಲ್ವಾ ಅಕ್ಕ, ಪುರುಸೊತ್ತು ಬೇಡ್ವಾ?" ಎನ್ನುತ್ತ ಜವಾನ ಸಾಹೇಬರ ಕೋಣೆಗೆ ಹೋದ. ಕಾಯುವವರ ಮುಖ ನೋಡುವ ಅಭ್ಯಾಸವನ್ನು ಅವನು ಎಂದೋ ಬಿಟ್ಟಿದ್ದ.

ಅವಳು ಎದ್ದು ಚೀಲದವನ ಪಕ್ಕಕ್ಕೆ ಬಂದಳು. "ದಿನಾ ಬರ್ತೀರಲ್ಲ, ಚಿತ್ರ ಅಂದ್ರೆ ಅಷ್ಟೊಂದು ಇಷ್ಟಾನಾ?"

"ಇಷ್ಟ ಇತ್ತಮ್ಮ," ಎಂದು ನಿಟ್ಟುಸಿರುಬಿಟ್ಟ. "ಈಗ ಇವನ್ನೆಲ್ಲ ಇಲ್ಲಿಂದ ಎತ್ಕೊಂಡು ಹೋದ್ರೆ ಸಾಕು ಅನ್ನಿಸಿದೆ."

ಎಂಥ ಗಂಡೆದೆ ಕಳ್ಳ! ಅವಳು ಬೇಕೆಂದೇ ಸ್ಟೂಲಿಗೆ ಮರಳಿ, ಆಕಳಿಸಿದಂತೆ ಮಾಡಿ ಕಣ್ಣು ಅರೆಮುಚ್ಚಿದಳು. ಅವನು ಅತ್ತಿತ್ತ ನೋಡಿ ದೋಣಿಯ ಚೌಕಟ್ಟಿಗೆ ಎರಡೂ ಕೈ ಹಾಕಿದ. ಒಂದೇ ನೆಗೆತಕ್ಕೆ ಹೋಗಿ ಅವನ ಬಲಗೈ ಹಿಡಿದಳು.

"ಸಿಕ್ಕಿಬಿದ್ಯಾ!"

"ಓರೆಯಾಗಿತ್ತಮ್ಮ, ನೆಟ್ಟಗೆ ಮಾಡ್ತಿದ್ದೆ."

"ಯಾಕೆ, ನಿಮ್ಮಪ್ಪನ ಮನೆ ಗೋಡೆನಾ ಇದು?"

ಅಷ್ಟರಲ್ಲಿ ಸಾಹೇಬರ ಬಾಗಿಲು ತೆರೆದು ಜವಾನ ತಲೆ ಹೊರಹಾಕಿದ.

"ಮ್ಯೂಸಿಯಂ ಚಾವಣಿ ರಿಪೇರಿ ಫೈಲಿಗೆ ಕಾಯ್ತಿರೋ ನಿರ್ದೇಶಕರು ಯಾರ್ರೀ? ಸಾಹೇಬರು ಮೀಟಿಂಗಿಗೆ ಹೊರಟ್ರು. ಇವತ್ತೂ ಸಹಿ ಆಗಲ್ವಂತೆ, ನಾಳೆ ಬನ್ನಿ."

ವರಾಂಡದಲ್ಲಿ ಒಂದೇ ಒಂದು ಕೈ, ಹಿಡಿದಿದ್ದ ಕಾವಲಿನಾಕೆಯ ಕೈಯನ್ನೂ ಎಳೆದುಕೊಂಡು, ಮೆಲ್ಲಗೆ ಮೇಲೆದ್ದಿತು.