ನಿನ್ನೆಯ ನೀರು

"ಬೆನ್, ಈ ನೀರು ಕೆಟ್ಟಿತ್ತಾ?"

ಮುಸುರೆ ತಿಕ್ಕಲು ಕೂತಿದ್ದ ಮನೆಗೆಲಸದ ಕಂಕು, ಮೋರಿಗೆ ಬಗ್ಗಿಸಿದ್ದ ಹಿತ್ತಾಳೆ ತಪ್ಪಲೆಯನ್ನು ಅರ್ಧದಲ್ಲೇ ತಡೆದು ಕೇಳಿದಳು. ನಾಲ್ಕು ವರ್ಷದ ಮಗಳು ರೇವಾ ವಾಂತಿಭೇದಿಯಲ್ಲಿ ತೀರಿಕೊಂಡ ಮೇಲೆ ಅವಳು ಕೆಲಸಕ್ಕೆ ಬಂದದ್ದು ಅಂದೇ ಮೊದಲು.

ಕಂಕು ಗುಜರಾತಿಯಲ್ಲಿ 'ಬೆನ್', ಅಂದರೆ ಅಕ್ಕ, ಎಂದು ಕರೆಯುವ ಮನೆಯೊಡತಿ ಕಾಮಾಕ್ಷಿ ತಡಬಡಿಸಿದಳು. ೧೯೬೩ನೇ ಇಸವಿಯಲ್ಲಿ ಬರೋಡಾದ ಈ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗಿನಿಂದ ಮಗ ಅಚ್ಯುತನಿಗೆ ಅವಳು ಕಾಯಿಸಿ ಆರಿಸಿದ ನೀರನ್ನಲ್ಲದೆ ಬೇರೆ ಕುಡಿಸಿದವಳಲ್ಲ. ಆದರೆ ರಾತ್ರಿ ಕಳೆದರೆ ಅದು ತಂಗಳು, ಮಡಿಯ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದಿನವೂ ಅರ್ಧ ತಪ್ಪಲೆ ನೀರು ಕಂಕುವಿನ ಕೈಯಿಂದಲೇ ಮೋರಿ ಸೇರುತ್ತಿತ್ತು. ಪಕ್ಕದಲ್ಲೇ ಆಡಿಕೊಂಡಿರುತ್ತಿದ್ದ ರೇವಾ ಬಾಯಾರಿಕೆ ಎಂದಾಗಲೆಲ್ಲ ಕಾಮಾಕ್ಷಿ ಹಿತ್ತಲ ನೀರಿನ ತೊಟ್ಟಿಯತ್ತ ಕೈ ತೋರಿಸುತ್ತಿದ್ದಳು.

"ಕೆಟ್ಟಿರಲಿಲ್ಲ ಕಂಕು. ನಿನ್ನೇದು, ಅಷ್ಟೆ."

"ಕಾಯಿಸಿದ ನೀರು ಕುಡಿಸಿದ್ರೆ ಮಗು ಉಳೀತಿತ್ತು ಅಂದ್ರು ಡಾಕ್ಟರು. ನಮ್ಮ ಸೌದೆ ರೊಟ್ಟಿಗೇ ಸಾಲಲ್ಲ, ಬೆನ್."

ತಪ್ಪಲೆ ಮತ್ತೆ ಬಾಗಿತು.

"ಚೆಲ್ಲಬೇಡ ಕಂಕು, ಚೆಲ್ಲಬೇಡ!"

"ಇನ್ನು ಯಾರಿಗೆ ಇಡಲಿ?" ಎಂದ ಕಂಕು ಕೊನೆಯ ಹನಿಯವರೆಗೂ ನೀರು ಸುರಿದು, ಅಚ್ಯುತನ ತಪ್ಪಲೆಯನ್ನು ಎಂದಿನಂತೆ ಫಳಫಳ ಬೆಳಗಲು ಬೂದಿಗೆ ಕೈ ಹಾಕಿದಳು.