ಮೊದಲ ಕಾರು

ಉಮ್ಮಚಗಿಯ ರಸ್ತೆ ಬದಿಗೆ ಸುಹಾಸ ಹಾಕಿಸಿದ ಫಾಸ್ಟ್ ಚಾರ್ಜರ್‌ಗೆ ಅದು ಮೊದಲ ಕಾರು. ಚಾರ್ಜಿಂಗ್ ಶುರುವಾದದ್ದೇ ತಡ, ಅವನ ಅಂಗಡಿಯ ಫ್ಯಾನು ನಿಧಾನವಾಯಿತು. ಪಕ್ಕದ ಮನೆಯೊಳಗೆ ಏನೋ ಬೀಪ್ ಬೀಪ್ ಎಂದು ಕೂಗತೊಡಗಿತು.

ಆ ಮನೆಯ ನಾಗಪತಿ ಮಾವ ಓಡಿ ಬಂದರು. ಅವರ ಹೆಂಡತಿ ಸುಬ್ಬಲಕ್ಷ್ಮಿ ಆಕ್ಸಿಜನ್ ಮಷಿನ್ನಿನ ಬಲದಲ್ಲಿ ಉಸಿರಾಡುತ್ತಿದ್ದರು. ಇಡೀ ಕೇರಿಗೆ ಒಂದೇ ಟ್ರಾನ್ಸ್‌ಫಾರ್ಮರ್; ವೋಲ್ಟೇಜ್ ಬಿದ್ದರೆ ಮಷಿನ್ ಹೀಗೆ ಕೂಗುತ್ತದೆ. ಆದರೂ ಮಾವ ಬೈಯಲಿಲ್ಲ. ಬೇಲಿಯ ಗೂಟ ಹಿಡಿದುಕೊಂಡು, "ಇನ್ನೆಷ್ಟೊತ್ತು ಹಿಡೀತು ತಮಾ?" ಎಂದು ಮೆಲ್ಲಗೆ ಕೇಳಿದರು.

"ಆತು, ಮಾವ," ಎಂದವನೇ ಸುಹಾಸ ಚಾರ್ಜರಿನ ಕೆಂಪು ಗುಂಡಿ ಒತ್ತಿಬಿಟ್ಟ.

"ಯಾಕ್ರೀ ಬಂದ್ ಮಾಡಿದ್ರಿ? ನಾ ಹುಬ್ಬಳ್ಳಿ ಮುಟ್ಟಬೇಕ್ರೀ!" ಕಾರಿನವನು, ಬನವಾಸಿ ಕಡೆಯ ಗಿರೀಶ, ರೇಗಿದ. ಸುಹಾಸ ಇದ್ದದ್ದನ್ನು ಹೇಳಿದ. "ದೊಡ್ಡ ಟ್ರಾನ್ಸ್‌ಫಾರ್ಮರ್ ಬರೋವರೆಗೆ ಇದನ್ನ ಹಚ್ಚೋದಿಲ್ಲ. ಮನೆ ಪ್ಲಗ್ಗಿಗೆ ಹಾಕಿಕೊಡ್ತೇನೆ, ಆದ್ರೆ ಸಂಜೆ ಆಗ್ತದೆ."

ಪಕ್ಕದ ಮನೆಯೊಳಗಿನ ಬೀಪ್ ಸದ್ದು ನಿಂತಿತ್ತು. ಗಿರೀಶ ಆ ಮನೆಯತ್ತ ನೋಡಿದ. ಆಮೇಲೆ ಡಿಕ್ಕಿ ತೆಗೆದು, ಮನೆ ಪ್ಲಗ್ಗಿಗೆ ಹಾಕುವ ವೈರನ್ನು ತಾನೇ ಹೊರಗೆಳೆದ. "ಸಂಜಿ ಆದ್ರ ಆಗವಲ್ದ್ಯಾಕ ಬಿಡ್ರಿ. ಆ ತಾಯಿ ಆರಾಮ ಅದಾರೇನ್ ನೋಡ್ ಬರ್ರಿ ಮೊದ್ಲ."